ಮುಖ ಬೆಕ್ಕಿನದಲ್ಲ, ಬುದ್ಧಿ ಬೆಕ್ಕಿನದೇ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಆಡಿದ ಮಾತುಗಳ ಬರಹ ರೂಪ. ಚಿತ್ರ ಎದುರಿಗಿಲ್ಲದೆ ಓದುವವರಿಗಾಗಿ ಅಲ್ಲಲ್ಲಿ ಸ್ವಲ್ಪ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಚಿತ್ರ ನೋಡೋಣ, ಮಾತು ಆಮೇಲೆ.

ಇದು ಇಟಲಿಯ ರೆಕನಾಟಿ ಎಂಬ ಊರಿನ ಮ್ಯೂಸಿಯಂನಲ್ಲಿದೆ. ಬರೆದವನು ಲೊರೆಂಜೊ ಲೊಟ್ಟೊ. 1530ರ ಆಸುಪಾಸಿನದು. ಕ್ರೈಸ್ತರಿಗೆ ತುಂಬ ಪವಿತ್ರವಾದ ಗಳಿಗೆ ಇದು. ದೇವದೂತ ಗೇಬ್ರಿಯಲ್ ಬಂದು, ನಿನ್ನ ಹೊಟ್ಟೆಯಲ್ಲಿ ದೇವರ ಮಗ ಹುಟ್ಟುತ್ತಾನೆ ಎಂದು ಮೇರಿಗೆ ಹೇಳುತ್ತಿದ್ದಾನೆ. ಬಲಗಡೆ ದೇವದೂತ, ಕೈಯಲ್ಲಿ ಲಿಲ್ಲಿ ಹೂವು. ಮೇಲೆ ಮೋಡದ ನಡುವೆ ದೇವರು, ಕೆಳಕ್ಕೆ ಧುಮುಕುವ ಹಾಗೆ ಕೈ ಚಾಚಿದ್ದಾನೆ. ಮೇರಿ ದೇವದೂತನ ಕಡೆ ನೋಡುತ್ತಿಲ್ಲ. ಅಂಗೈಗಳನ್ನು ಎತ್ತಿಕೊಂಡು ನಮ್ಮ ಕಡೆ ತಿರುಗಿದ್ದಾಳೆ.

ಸರಿ, ಈಗ ನಟ್ಟನಡುವೆ ನೋಡಿ. ನೆಲದ ಮೇಲೆ, ಇಬ್ಬರ ಮಧ್ಯೆ, ಒಂದು ಬೆಕ್ಕು ಓಡುತ್ತಿದೆ.

ನಗು ಬಂದರೆ ತಡೆಯಬೇಡಿ. ಮೊದಲ ಸಲ ನೋಡಿದಾಗ ನನಗೂ ಜೋರು ನಗು ಬಂತು. ಆ ಮುಖ ನೋಡಿ. ರಾತ್ರಿ ಏನೋ ಸದ್ದಾಯಿತೆಂದು ಬೆಚ್ಚಿ ಎದ್ದು ಕೂತ ಅಜ್ಜನ ಮುಖದ ಹಾಗಿದೆ. ಈಗ ಒಂದು ಕೆಲಸ ಮಾಡಿ. ಕೈ ಅಡ್ಡ ಹಿಡಿದು ಆ ಮುಖವನ್ನು ಮುಚ್ಚಿಕೊಂಡು ಉಳಿದ ಮೈಯನ್ನು ನೋಡಿ. ಬೆನ್ನು ಕಮಾನಿನ ಹಾಗೆ ಎದ್ದಿದೆ. ಕಾಲು ನೆಲಕ್ಕೆ ಊರಿಯೂ ಊರದ ಹಾಗಿದೆ. ಎಲ್ಲಿಗಾದರೂ ಸರಿ, ಇಲ್ಲಿಂದ ಹೋದರೆ ಸಾಕು ಅನ್ನುವ ಓಟ. ಕೊರಿಯರ್ ಹುಡುಗ ಬೆಲ್ ಒತ್ತಿದಾಗ ನಮ್ಮ ಮನೆ ಬೆಕ್ಕು ಸೋಫಾದಡಿಗೆ ಓಡುವುದು ಹೀಗೇ, ಅಲ್ವಾ? ಮನೆಗೆ ಯಾರೋ ಗೊತ್ತಿಲ್ಲದವರು ಬಂದಿದ್ದಾರೆ. ಅವರಿಗೆ ರೆಕ್ಕೆ ಬೇರೆ ಇದೆ. ಬೆಕ್ಕು ಇನ್ನೇನು ಮಾಡೀತು?

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಹಳೆಯ ಚಿತ್ರಗಳಲ್ಲಿ ಬೆಕ್ಕಿನ ಮುಖ ವಿಚಿತ್ರವಾಗಿರುತ್ತದೆ, ನಿಜ. ಆದರೆ ಬೆಕ್ಕಿನ ಬುದ್ಧಿ ಮಾತ್ರ ಹೆಚ್ಚಿನ ಕಡೆ ಸರಿಯಾಗಿರುತ್ತದೆ. ಅದು ಕದಿಯುವ ರೀತಿ, ಹೊಂಚು ಹಾಕುವ ರೀತಿ, ಹೆದರುವ ರೀತಿ. ಆ ಚಿತ್ರಕಾರರಿಗೆ ಬೆಕ್ಕು ಗೊತ್ತಿರಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದ ದಾರಿ ಬೇರೆ.

ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ತರಗತಿಯಲ್ಲಿ. ನಾನು ಬಹಳ ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವನು. ಒಂದು ದಿನ ಬೆಕ್ಕು ಬರೆಯಿರಿ ಅಂದೆ. ಮೂವತ್ತು ಮಕ್ಕಳೂ ಒಂದೇ ಬೆಕ್ಕು ಬರೆದರು. ಒಂದು ದುಂಡು, ಮೇಲೆ ಎರಡು ತ್ರಿಕೋನ, ಅಕ್ಕಪಕ್ಕ ಮೂರು ಮೂರು ಮೀಸೆ. ಮಾರನೆಯ ವಾರ ಬೇರೆ ಥರ ಕೇಳಿದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬೆಕ್ಕು ಹಾಲಿಗೆ ಬಾಯಿ ಹಾಕಿ ಸಿಕ್ಕಿಬಿದ್ದದ್ದನ್ನು ಬರೆಯಿರಿ ಅಂದೆ. ಮುಖಗಳು ಆಗಲೂ ದುಂಡಗೇ ಬಂದವು. ಆದರೆ ಬೆನ್ನು! ಒಬ್ಬೊಬ್ಬರ ಬೆನ್ನೂ ಬೇರೆ. ಒಂದು ತಗ್ಗಿದೆ, ಒಂದು ಎದ್ದಿದೆ, ಒಂದು ಕಪಾಟಿನ ಸಂದಿಗೆ ಅರ್ಧ ತೂರಿಕೊಂಡಿದೆ. ಒಬ್ಬ ಹುಡುಗಿ ಬೆಕ್ಕನ್ನೇ ಬರೆದಿರಲಿಲ್ಲ. ಅಟ್ಟದ ಅಂಚಿನಿಂದ ಇಳಿಬಿದ್ದ ಒಂದು ಬಾಲ ಬರೆದಿದ್ದಳು, ಕೆಳಗೆ ಮಗುಚಿದ ಪಾತ್ರೆ. ನನಗೆ ಆ ಬಾಲ ಇವತ್ತಿಗೂ ಕಣ್ಣ ಮುಂದೆ ಇದೆ. ಆಮೇಲೆ ಯುರೋಪಿನ ಹಳೆಯ ಹಸ್ತಪ್ರತಿಗಳ ಬೆಕ್ಕುಗಳನ್ನು ಮತ್ತೆ ತೆಗೆದು ನೋಡಿದಾಗ, ಇದೇ ಅಲ್ವಾ ಇಲ್ಲೂ ಆಗಿರುವುದು ಅನ್ನಿಸಿತು.

ಮುಖ ಯಾಕೆ ತಪ್ಪುತ್ತದೆ? ಬೆಕ್ಕಿಗೆ ಎರಡೂ ಕಣ್ಣು ಮುಂದಕ್ಕಿವೆ, ನಮ್ಮ ಹಾಗೆ. ಕುದುರೆಯದೋ ಹಸುವಿನದೋ ಕಣ್ಣು ಪಕ್ಕಕ್ಕೆ ಇರುತ್ತದೆ, ಮೂತಿ ಉದ್ದ. ಬರೆಯುವವನ ಕೈಗೆ ಅದು ಬೇರೆ ಪ್ರಾಣಿ ಅನ್ನುವುದು ಮೊದಲ ಗೆರೆಯಲ್ಲೇ ಗೊತ್ತಾಗುತ್ತದೆ. ಬೆಕ್ಕಿನ ಮುಖ ಮೊಂಡು, ದುಂಡು. ಎರಡು ಕಣ್ಣು, ನಡುವೆ ಮೂಗು, ಕೆಳಗೆ ಬಾಯಿ ಅಂತ ಬರೆಯುತ್ತಾ ಹೋದರೆ ಕೈ ತನಗೆ ಅಭ್ಯಾಸವಾದ ಮನುಷ್ಯರ ಮುಖದ ಕಡೆಗೇ ಜಾರುತ್ತದೆ. ಸಂತರನ್ನೂ ರಾಜರನ್ನೂ ದಿನವಿಡೀ ಬರೆದ ಕೈ ಅದು. ಮೂಳೆಯನ್ನೆಲ್ಲ ತುಪ್ಪಳ ಮುಚ್ಚಿರುತ್ತದೆ, ಹಾಗಾಗಿ ಒಳಗಿನ ಆಕಾರವೂ ಸುಲಭಕ್ಕೆ ಸಿಗುವುದಿಲ್ಲ. ಸಾಲದ್ದಕ್ಕೆ ಬೆಕ್ಕು ಕೂತ ಕಡೆ ಕೂರುವುದಿಲ್ಲ. ನಿದ್ದೆ ಮಾಡುವಾಗ ಬರೆಯೋಣ ಅಂದರೆ ಮುಖವನ್ನು ಕಾಲಿನೊಳಗೆ ಹುದುಗಿಸಿಕೊಂಡಿರುತ್ತದೆ.

ಇನ್ನೊಂದು ಕಾರಣ ದುಡ್ಡಿನದು. ಕುದುರೆ ಸರಿಯಾಗಿ ಬರದಿದ್ದರೆ ಕುದುರೆಯ ಒಡೆಯ ಸುಮ್ನೆ ಬಿಡುತ್ತಿರಲಿಲ್ಲ. ಬೇಟೆನಾಯಿಗೂ ಹಾಗೇ. ಇಲಿ ಹಿಡಿಯಲೆಂದು ಉಗ್ರಾಣದಲ್ಲಿ ಬಿಟ್ಟ ಬೆಕ್ಕಿನ ಪರವಾಗಿ ಯಾರು ಕೇಳುತ್ತಾರೆ?

ಹಾಗಾಗಿ ಬೆಕ್ಕನ್ನು ನೋಡಿ ಬರೆದವರಿಗಿಂತ, ಬೆಕ್ಕಿನ ಬಗ್ಗೆ ಓದಿ ಬರೆದವರು, ಇನ್ನೊಂದು ಚಿತ್ರ ನೋಡಿ ನಕಲು ಮಾಡಿದವರು ಜಾಸ್ತಿ. ಮಧ್ಯಯುಗದ ಯುರೋಪಿನಲ್ಲಿ ಪ್ರಾಣಿಗಳ ಕಥೆ ಹೇಳುವ ಪುಸ್ತಕಗಳಿದ್ದವು. 1200ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತಯಾರಾದ ಅಂಥದ್ದೊಂದು ಪುಸ್ತಕ ಈಗ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಬೆಕ್ಕಿನ ಬಗ್ಗೆ ಇರುವ ಮಾತು ಬಂದದ್ದು ಸೆವಿಲ್ಲೆಯ ಇಸಿಡೋರ್ ಎಂಬ 7ನೇ ಶತಮಾನದ ಬಿಷಪ್ಪನಿಂದ. ಇಲಿಗೆ ಶತ್ರು, ಅದಕ್ಕೇ ಲ್ಯಾಟಿನ್ನಿನಲ್ಲಿ ಅದಕ್ಕೆ ಮುಸಿಯೊ ಎಂಬ ಹೆಸರು. ಹಿಡಿಯುತ್ತದೆ, ಅದಕ್ಕೇ ಕ್ಯಾಟಸ್ ಎಂಬ ಇನ್ನೊಂದು ಹೆಸರು. ಕತ್ತಲನ್ನೂ ಸೀಳಿ ನೋಡುವಷ್ಟು ಚೂಪು ಕಣ್ಣು. ಇಷ್ಟೇ. ಮೀಸೆ ಎಷ್ಟು, ಕಿವಿ ಹೇಗೆ, ಮೂತಿ ಹೇಗೆ ಎಂಬುದರ ಸುದ್ದಿಯೇ ಇಲ್ಲ. ಬೆಕ್ಕು ಏನು ಮಾಡುತ್ತದೆ ಅನ್ನುವುದೇ ಬೆಕ್ಕು. ಚಿತ್ರಕಾರನೂ ಅದನ್ನೇ ಬರೆದ.

ಈಗ ಹಸ್ತಪ್ರತಿಗಳ ಅಂಚಿಗೆ ಬರೋಣ. ನನಗೆ ಅತಿ ಪ್ರೀತಿಯ ಜಾಗ ಇದು. ನಡುವೆ ಪ್ರಾರ್ಥನೆ, ಸುತ್ತ ಖಾಲಿ ಅಂಚು. ಆ ಅಂಚಿನಲ್ಲಿ ಮೊಲ ಬೇಟೆಗಾರನನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕೋತಿ ಪಾಠ ಹೇಳುತ್ತದೆ, ಬೆಕ್ಕು ವಾದ್ಯ ನುಡಿಸುತ್ತದೆ. ಇನ್ನು ಒಂದು ಹಿಂಗಾಲನ್ನು ಆಕಾಶಕ್ಕೆತ್ತಿ ತನ್ನ ಹಿಂಭಾಗ ನೆಕ್ಕಿಕೊಳ್ಳುವ ಬೆಕ್ಕುಗಳಂತೂ ಒಂದೆರಡಲ್ಲ. ಮುಖ ಮನುಷ್ಯನದು, ಕಾಲಿನ ಉದ್ದ ಲೆಕ್ಕ ತಪ್ಪಿದೆ, ಆದರೆ ಆ ಭಂಗಿ ಮಾತ್ರ ಬೆಕ್ಕು ಸಾಕಿದವರೆಲ್ಲರಿಗೂ ಗೊತ್ತು. ಅತಿಥಿಗಳು ಬಂದು ಕೂತಾಗಲೇ ನಡುಮನೆಯಲ್ಲಿ ಶುರುಮಾಡುತ್ತದಲ್ಲ, ಅದೇ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 14ನೇ ಶತಮಾನದ ಒಂದು ಪುಟ್ಟ ಪ್ರಾರ್ಥನಾ ಪುಸ್ತಕವಿದೆ. ಅದರ ಅಂಚಿನಲ್ಲಿ ಇಲಿಗಳು ಬೆಕ್ಕಿನ ಕೋಟೆಗೆ ಮುತ್ತಿಗೆ ಹಾಕಿವೆ. ಇಲಿಗಳ ಹತ್ತಿರ ಕಲ್ಲೆಸೆಯುವ ಯಂತ್ರವಿದೆ. ಕೋಟೆಯ ಮೇಲಿಂದ ಬೆಕ್ಕು ತಿರುಗಿ ಹೊಡೆಯುತ್ತಿದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂದು ನಾವು ಅನ್ನುತ್ತೇವಲ್ಲ, ಅದನ್ನೇ ತಿರುಗಿಸಿ ಬರೆದ ಹಾಗಿದೆ. ಅದೇ ಲೈಬ್ರರಿಯ ಇನ್ನೊಂದು ಪುಸ್ತಕದಲ್ಲಿ ಸನ್ಯಾಸಿನಿಯೊಬ್ಬಳು ನೂಲುತ್ತಿದ್ದಾಳೆ. ಬೆಕ್ಕು ಅವಳ ಕದಿರಿನ ಜೊತೆ ಆಡುತ್ತಿದೆ. ಇದನ್ನು ನೋಡದೆ ಬರೆಯಲು ಆಗುವುದಿಲ್ಲ.

ಇನ್ನೂ ಹಿಂದೆ ಹೋದರೆ, ಸುಮಾರು 800ರ ಕೆಲ್ಸ್ ಗ್ರಂಥ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಕ್ರಿಸ್ತನ ಹೆಸರಿನ ಎರಡು ಅಕ್ಷರಗಳನ್ನೇ ಪುಟದ ತುಂಬ ಬಳ್ಳಿ ಬಳ್ಳಿಯಾಗಿ ಹೆಣೆದ ಒಂದು ಪುಟವಿದೆ. ಮನುಷ್ಯರ ಕೈ ಇದನ್ನು ಬರೆಯಿತೇ ಅನ್ನಿಸುವಷ್ಟು ಸೂಕ್ಷ್ಮ. ಅದರ ಕೆಳಗೆ, ಹುಡುಕಿದರೆ ಮಾತ್ರ ಕಾಣುವ ಹಾಗೆ, ಎರಡು ಬೆಕ್ಕುಗಳು ಎದುರುಬದುರು ಕೂತಿವೆ. ನಡುವೆ ಎರಡು ಇಲಿಗಳು ಒಂದು ದುಂಡನೆಯ ತಟ್ಟೆಯಂಥದ್ದನ್ನು ಕಚ್ಚಿ ಎಳೆಯುತ್ತಿವೆ. ಅದು ಚರ್ಚಿನ ಪ್ರಸಾದದ ರೊಟ್ಟಿ ಎನ್ನುತ್ತಾರೆ. ಬೆಕ್ಕಿನ ಬೆನ್ನ ಮೇಲೂ ಪುಟ್ಟ ಪ್ರಾಣಿಗಳು ಹತ್ತಿ ಕೂತಿವೆ. ಬೆಕ್ಕು ಅಲ್ಲಾಡುತ್ತಿಲ್ಲ. ಆ ಕಾದು ಕೂರುವ ರೀತಿ ನನಗೆ ತುಂಬ ಇಷ್ಟ. ಅದೇ ಕಾಲದ, 9ನೇ ಶತಮಾನದ ಒಬ್ಬ ಐರಿಷ್ ಸನ್ಯಾಸಿ ತನ್ನ ಬಿಳಿ ಬೆಕ್ಕಿನ ಮೇಲೆ ಪದ್ಯ ಬರೆದ. ಬೆಕ್ಕಿನ ಹೆಸರು ಪಾಂಗುರ್ ಬಾನ್. ಅದು ಇಲಿಯ ಹಿಂದೆ, ನಾನು ಅರ್ಥದ ಹಿಂದೆ, ಇಬ್ಬರೂ ನಮ್ಮ ನಮ್ಮ ಕೆಲಸದಲ್ಲಿ ಸುಖವಾಗಿದ್ದೇವೆ ಎನ್ನುತ್ತಾನೆ. ಒಂದೇ ಕೋಣೆಯಲ್ಲಿ ಬೆಕ್ಕೂ ಬರೆಯುವವನೂ ದಿನಗಟ್ಟಲೆ ಕೂತಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆ ಬಾಳುವೆ ಯಾವಾಗಲೂ ಸುಖದ್ದೇನೂ ಆಗಿರಲಿಲ್ಲ. ಈ ಪುಟ ನೋಡಿ. 1420ರ ಸುಮಾರಿಗೆ ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿ ಬರೆದದ್ದು. ಈಗ ಜರ್ಮನಿಯ ಕಲೋನ್‌ನಲ್ಲಿದೆ. ಲಿಪಿಕಾರ ರಾತ್ರಿ ಪುಸ್ತಕ ತೆರೆದಿಟ್ಟು ಮಲಗಿದ. ಬೆಳಿಗ್ಗೆ ಬಂದು ನೋಡಿದರೆ ಪುಟದ ಮೇಲೆ ಬೆಕ್ಕು ಉಚ್ಚೆ ಹೊಯ್ದಿದೆ. ಆ ಜಾಗದಲ್ಲಿ ಬರೆಯಲು ಆಗಲಿಲ್ಲ. ಅವನು ಏನು ಮಾಡಿದ ಗೊತ್ತೇ? ಪಾಪ, ಓದುವವರು ಇಲ್ಲಿ ಏನೋ ಬಿಟ್ಟುಹೋಗಿದೆ ಅಂದುಕೊಳ್ಳಬಾರದಲ್ಲ. ಇಲ್ಲಿ ಏನೂ ಬಿಟ್ಟಿಲ್ಲ, ಒಂದು ರಾತ್ರಿ ಬೆಕ್ಕು ಇದರ ಮೇಲೆ ಉಚ್ಚೆ ಹೊಯ್ದಿತು, ಆ ಬೆಕ್ಕು ಹಾಳಾಗಿ ಹೋಗಲಿ ಎಂದು ಲ್ಯಾಟಿನ್ನಿನಲ್ಲಿ ಬರೆದ. ರಾತ್ರಿ ಬೆಕ್ಕು ಬರುವ ಕಡೆ ಪುಸ್ತಕ ತೆರೆದಿಡಬೇಡಿ ಅಂತ ಬುದ್ಧಿಮಾತೂ ಸೇರಿಸಿದ. ಕಲೆಯ ಕಡೆಗೆ ಬೊಟ್ಟು ಮಾಡುವ ಕೈಗಳನ್ನು ಬರೆದ. ಜೊತೆಗೆ ಒಂದು ಬೆಕ್ಕನ್ನೂ ಬರೆದ. ಸಿಟ್ಟಿನಲ್ಲಿ ಬರೆದ ಬೆಕ್ಕು. ಚಂದವಾಗಿಲ್ಲ, ಬಿಡಿ. ಪುಟದ ಮೇಲಿನ ಕಲೆಯೇ ಅಲ್ಲಿ ಬೆಕ್ಕಿನ ನಿಜವಾದ ಗುರುತು. ಇಂಥದ್ದೇ ಇನ್ನೊಂದು ಕ್ರೊವೇಷಿಯಾದ ಡುಬ್ರೊವ್ನಿಕ್ ಪತ್ರಾಗಾರದಲ್ಲಿದೆ. 15ನೇ ಶತಮಾನದ ದಫ್ತರಿನ ಎರಡು ಪುಟಗಳ ಮೇಲೆ ಶಾಯಿ ಮೆತ್ತಿದ ನಾಲ್ಕು ಪಂಜದ ಗುರುತು. ಬೆಕ್ಕು ದೌತಿಗೆ ಕಾಲು ಹಾಕಿ ಹಾದುಹೋಗಿದೆ, ಅಷ್ಟೇ.

ಮುಂದಿನ ಚಿತ್ರ ತೋರಿಸಲೋ ಬೇಡವೋ ಎಂದು ಯೋಚಿಸಿದ್ದೆ. ಅಂತರ್ಜಾಲದಲ್ಲಿ ಇದನ್ನು ರಾಕೆಟ್ ಬೆಕ್ಕು ಎಂದು ಎಲ್ಲರೂ ಹಂಚಿಕೊಳ್ಳುತ್ತಾರೆ. 16ನೇ ಶತಮಾನದಲ್ಲಿ ಕಲೋನ್‌ನ ಫ್ರಾಂಜ್ ಹೆಲ್ಮ್ ಎಂಬ ಫಿರಂಗಿಯವನು ಬರೆದ ಮದ್ದುಗುಂಡಿನ ಕೈಪಿಡಿ ಇದು. ಕೋಟೆಯ ಕಡೆಗೆ ಒಂದು ಬೆಕ್ಕು ಓಡುತ್ತಿದೆ, ಬೆನ್ನಿನಿಂದ ಬೆಂಕಿ ಹೊರಡುತ್ತಿದೆ. ಗಾಳಿಯಲ್ಲಿ ಹಾರುತ್ತಿದೆಯೇನೋ ಅನ್ನಿಸುತ್ತದೆ. ಕೆಳಗಿನ ಮಾತು ಓದಿದರೆ ನಗು ನಿಲ್ಲುತ್ತದೆ. ಶತ್ರುವಿನ ಊರಿನದೇ ಒಂದು ಬೆಕ್ಕನ್ನು ಹಿಡಿಯಿರಿ, ಬೆನ್ನಿಗೆ ಬೆಂಕಿಯ ಚೀಲ ಕಟ್ಟಿ ಬಿಡಿ, ಹೆದರಿದ ಬೆಕ್ಕು ತನ್ನ ಮನೆಗೇ ಓಡಿ ಹುಲ್ಲಿನ ಬಣವೆಯಲ್ಲಿ ಅಡಗುತ್ತದೆ, ಊರು ಉರಿಯುತ್ತದೆ ಎಂದು ಹೇಳುತ್ತಾನೆ. ಓದಿದಾಗ ಹೊಟ್ಟೆ ಹಿಂಡಿತು. ಬೆಕ್ಕು ಹೆದರಿದಾಗ ಎಲ್ಲಿಗೆ ಓಡುತ್ತದೆ ಅನ್ನುವುದು ಅವನಿಗೆ ಸರಿಯಾಗಿ ಗೊತ್ತಿತ್ತು. ಬೆಕ್ಕನ್ನು ಬಲ್ಲವರೆಲ್ಲ ಬೆಕ್ಕನ್ನು ಪ್ರೀತಿಸಿದವರಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೋಪ್ 9ನೇ ಗ್ರೆಗರಿ 1233ರಲ್ಲಿ ಒಂದು ಪತ್ರ ಹೊರಡಿಸಿದ. ಧರ್ಮಭ್ರಷ್ಟರ ಗುಟ್ಟಿನ ಸಭೆಗೆ ಕರಿಬೆಕ್ಕೊಂದು ಬರುತ್ತದೆ ಎಂಬ ವರ್ಣನೆ ಅದರಲ್ಲಿದೆ. ಅದರಿಂದ ಯುರೋಪಿನ ಬೆಕ್ಕುಗಳನ್ನೆಲ್ಲ ಕೊಂದರು, ಇಲಿ ಹೆಚ್ಚಿ ಪ್ಲೇಗ್ ಬಂತು ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಬೆಕ್ಕುಗಳನ್ನು ಕೊಲ್ಲಿ ಎಂಬ ಆಜ್ಞೆ ಆ ಪತ್ರದಲ್ಲಿ ಇಲ್ಲ. ಆ ಮಹಾಪ್ಲೇಗ್ ಬಂದದ್ದು 1347ರಲ್ಲಿ, ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಚಿತ್ರಗಳಲ್ಲಂತೂ ಈ ನಡುವಿನ ಕಾಲದ ಬೆಕ್ಕುಗಳು ಆರಾಮಾಗಿ ನೆಕ್ಕಿಕೊಳ್ಳುತ್ತಾ ಕೂತಿವೆ.

ಕೆಟ್ಟ ಹೆಸರು ಇತ್ತು, ಅದು ನಿಜ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಗಿರ್ಲಾಂಡಾಯೊ 1480ರ ದಶಕದಲ್ಲಿ ಕ್ರಿಸ್ತನ ಕೊನೆಯ ಊಟವನ್ನು ಗೋಡೆಯ ಮೇಲೆ ಬರೆದ. ಮೇಜಿನ ಆಚೆ ಎಲ್ಲ ಶಿಷ್ಯರು. ಈಚೆ, ಕ್ರಿಸ್ತನನ್ನು ಹಿಡಿದುಕೊಟ್ಟ ಜೂದಾಸ ಒಬ್ಬನೇ. ಅವನ ಹಿಂದೆ ನೆಲದ ಮೇಲೆ ಬೆಕ್ಕು. ದ್ರೋಹಿಯ ಪಕ್ಕಕ್ಕೆ ದ್ರೋಹಿ ಎಂದು ಅರ್ಥ ಹೇಳುತ್ತಾರೆ. ಇರಬಹುದು. ಆದರೆ ಅದು ಜೂದಾಸನನ್ನು ನೋಡುತ್ತಿಲ್ಲ, ಕ್ರಿಸ್ತನನ್ನೂ ನೋಡುತ್ತಿಲ್ಲ. ನೆಟ್ಟಗೆ ನಮ್ಮನ್ನು ನೋಡುತ್ತಿದೆ. ಊಟದ ಮನೆಯಲ್ಲಿ ಹೊಸದಾಗಿ ಬಂದವರನ್ನು ಬೆಕ್ಕು ನೋಡುವುದು ಹಾಗೇ. ಆ ಗೋಡೆ ಇರುವುದೂ ಊಟದ ಮನೆಯಲ್ಲೇ. ಜರ್ಮನಿಯ ಡ್ಯೂರರ್ 1504ರಲ್ಲಿ ಕೆತ್ತಿದ ಆದಾಮ ಮತ್ತು ಈವ್ ಅಚ್ಚುಚಿತ್ರದಲ್ಲೂ ಕಾಲ ಬಳಿ ಬೆಕ್ಕು, ಅದರ ಎದುರಿಗೇ ಇಲಿ. ಪಾಪ ಇನ್ನೂ ನಡೆದಿಲ್ಲ, ಆದ್ದರಿಂದ ಬೆಕ್ಕು ಇನ್ನೂ ಹಾರಿಲ್ಲ. ಹಣ್ಣು ಕಚ್ಚಿದ ಮರುಕ್ಷಣ ಏನಾಗುತ್ತದೆ ಎಂದು ಬೆಕ್ಕನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಹೊತ್ತು ನಮ್ಮ ಕಡೆ ಬರೋಣ. ಬಣ್ಣದ ಚಿತ್ರವಲ್ಲ, ಕಲ್ಲು. ಆದರೂ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ. ತಮಿಳುನಾಡಿನ ಮಾಮಲ್ಲಪುರ, 7ನೇ ಶತಮಾನ, ಪಲ್ಲವರ ಕಾಲ. ಸುಮಾರು 30 ಮೀಟರ್ ಅಗಲದ ಬಂಡೆ. ಅರ್ಜುನನ ತಪಸ್ಸು ಎಂದು ಕೆಲವರು, ಗಂಗೆ ಇಳಿದ ಕಥೆ ಎಂದು ಕೆಲವರು. ಮೇಲೆ ಬಡಕಲು ತಪಸ್ವಿಯೊಬ್ಬ ಕೈ ಮೇಲೆತ್ತಿ ನಿಂತಿದ್ದಾನೆ. ಕೆಳಗೆ ದೊಡ್ಡ ಆನೆ. ಆನೆಯ ದಂತದ ಹತ್ತಿರ ಕಣ್ಣು ಹಾಯಿಸಿ. ಹಿಂಗಾಲ ಮೇಲೆ ನಿಂತು, ಮುಂಗಾಲು ಎರಡನ್ನೂ ತಲೆಯ ಮೇಲೆತ್ತಿ, ತಪಸ್ಸು ಮಾಡುತ್ತಿದೆ ಒಂದು ಬೆಕ್ಕು. ಸುತ್ತ ಇಲಿಗಳು.

ಇದರ ಕಥೆ ಮಹಾಭಾರತದ ಉದ್ಯೋಗ ಪರ್ವದಲ್ಲಿದೆ. ಬೆಕ್ಕೊಂದು ಗಂಗೆಯ ದಡದಲ್ಲಿ ಕೈ ಮೇಲೆತ್ತಿ ನಿಂತು ತಪಸ್ಸು ಶುರುಮಾಡುತ್ತದೆ. ಇಲಿಗಳು ನಂಬುತ್ತವೆ, ನಮ್ಮನ್ನು ಕಾಪಾಡು ಎನ್ನುತ್ತವೆ. ಬೆಕ್ಕು ಒಪ್ಪುತ್ತದೆ. ತಪಸ್ಸಿನಿಂದ ಸುಸ್ತಾಗಿದ್ದೇನೆ, ದಿನಾ ನದಿಯ ತನಕ ನನ್ನನ್ನು ಕರೆದುಕೊಂಡು ಹೋಗಿ ಎನ್ನುತ್ತದೆ. ದಿನ ಹೋದ ಹಾಗೆ ಬೆಕ್ಕು ದಪ್ಪಗಾಗುತ್ತದೆ, ಇಲಿಗಳು ಕಡಿಮೆಯಾಗುತ್ತವೆ. ಕೊನೆಗೆ ಒಂದು ಇಲಿ ಗಮನಿಸುತ್ತದೆ. ಗೆಡ್ಡೆ ಗೆಣಸು ತಿನ್ನುವವನ ಹೇಲಿನಲ್ಲಿ ಕೂದಲು ಇರುವುದಿಲ್ಲವಲ್ಲ! ಈ ಒಂದು ಮಾತಿಗೆ ನಾನು ತಲೆಬಾಗುತ್ತೇನೆ. ಬೆಕ್ಕನ್ನು ದಿನಾ ನೋಡಿದವರು ಕಟ್ಟಿದ ಕಥೆ ಅದು. ಕಲ್ಲಿನ ಬೆಕ್ಕಿನ ಮೈ ಮನುಷ್ಯನ ಹಾಗೆ ನಿಂತಿದೆ, ಬೆಕ್ಕು ಹಾಗೆ ನಿಲ್ಲುವುದೇ ಇಲ್ಲ. ಆದರೆ ಬುದ್ಧಿ? ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು ಎಂದು ನಾವು ಕನ್ನಡದಲ್ಲಿ ಅನ್ನುವುದೂ ಹತ್ತಿರ ಹತ್ತಿರ ಇದನ್ನೇ.

ಇದೇ ಬೆಕ್ಕು ಸಾವಿರ ವರ್ಷದ ಮೇಲೆ ಕೋಲ್ಕತ್ತಾದಲ್ಲಿ ಸಿಗುತ್ತದೆ. 19ನೇ ಶತಮಾನದಲ್ಲಿ ಕಾಳಿಘಾಟ್ ದೇವಸ್ಥಾನದ ಬಳಿ ಚಿತ್ರಕಾರರು ಯಾತ್ರಿಕರಿಗೆ ಅಗ್ಗದ ಕಾಗದದ ಮೇಲೆ ಬರೆದು ಮಾರುತ್ತಿದ್ದ ಚಿತ್ರಗಳಿವು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇವುಗಳ ದೊಡ್ಡ ಸಂಗ್ರಹವಿದೆ. ದೊಡ್ಡ ದುಂಡು ಮುಖದ ಬೆಕ್ಕು, ಮನುಷ್ಯರ ಹಾಗೆ ಅಗಲ ಕಣ್ಣು, ಹಣೆಯ ಮೇಲೆ ವೈಷ್ಣವರ ನಾಮ. ಬಾಯಲ್ಲಿ ಒಂದು ದಪ್ಪ ಸಿಗಡಿ! ಎರಡೇ ಎರಡು ಬೀಸಿನಲ್ಲಿ ಬೆನ್ನಿನ ಗೆರೆ ಎಳೆದಿದ್ದಾನೆ. ಕುಂಚ ಎಲ್ಲೂ ತಡವರಿಸಿಲ್ಲ. ಸಿಗಡಿಯನ್ನು ಕಚ್ಚಿದ ಬಾಯಿ ನೋಡಿ, ಬಿಡುವ ಮಾತೇ ಇಲ್ಲ. ಮುಂದೆ ಜಾಮಿನಿ ರಾಯ್ ಈ ಬೆಕ್ಕನ್ನೇ ತಮ್ಮ ರೀತಿಯಲ್ಲಿ ಮತ್ತೆ ಬರೆದರು.

ನಮ್ಮಜ್ಜಿ ಬೆಕ್ಕಿಗೆ ಕೊತ್ತಿ ಅನ್ನುತ್ತಿದ್ದರು. ಕೊತ್ತಿಯನ್ನು ಹುಲಿಯ ಸೋದರತ್ತೆ ಎಂದೂ ಹೇಳುತ್ತಿದ್ದರು. ಜಪಾನಿನಲ್ಲಿ ಈ ನೆಂಟಸ್ತಿಕೆ ಚಿತ್ರಕಾರರ ಕೈ ಹಿಡಿಯಿತು. ಅಲ್ಲಿ ಹುಲಿ ಇರಲಿಲ್ಲ. ಆದರೆ ಕೋಟೆಗೂ ದೇವಸ್ಥಾನಕ್ಕೂ ಹುಲಿಯ ಚಿತ್ರ ಬೇಕಿತ್ತು. ಹೊರಗಿನಿಂದ ಬಂದ ಹುಲಿ ಚರ್ಮ, ಚೀನಾದ ಚಿತ್ರಗಳು, ಉಳಿದದ್ದಕ್ಕೆ ಮನೆಯ ಬೆಕ್ಕು. ಹಾಗಾಗಿ ಆ ಹುಲಿಗಳಿಗೆ ಬೆಕ್ಕಿನ ಸೀಳು ಪಾಪೆ ಬಂದದ್ದುಂಟು. ಹುಲಿಯ ಪಾಪೆ ದುಂಡಗಿರುತ್ತದೆ. ಕ್ಯೋಟೋದ ನಿಜೊ ಕೋಟೆಯಲ್ಲಿ ಹುಲಿಗಳ ನಡುವೆ ಚಿರತೆಗಳೂ ಇವೆ, ಏಕೆಂದರೆ ಚಿರತೆ ಅಂದರೆ ಹೆಣ್ಣು ಹುಲಿ ಎಂದು ತಿಳಿದಿದ್ದರು.

ಈ ಹುಲಿಗಳಲ್ಲಿ ನನ್ನ ಮನಸ್ಸು ಗೆದ್ದದ್ದು ನಾಗಸಾವಾ ರೊಸೆತ್ಸು 1786ರಲ್ಲಿ ಬರೆದದ್ದು. ಹೊನ್ಶು ದ್ವೀಪದ ದಕ್ಷಿಣ ತುದಿಯ ಕುಶಿಮೊತೊ ಊರಿನ ಮುರ್ಯೋಜಿ ದೇವಸ್ಥಾನದ ಜಾರುಬಾಗಿಲುಗಳ ಮೇಲಿದೆ. ಬರೀ ಮಸಿ. ಮೂರು ಬಾಗಿಲಿನ ಅಗಲಕ್ಕೆ ಒಂದೇ ಹುಲಿ, ಈಗಲೋ ಆಗಲೋ ನಮ್ಮ ಮೇಲೆ ಹಾರುವ ಹಾಗಿದೆ. ಆದರೆ ನೋಡುತ್ತಾ ನೋಡುತ್ತಾ ಅದು ಬೆಕ್ಕಾಗುತ್ತದೆ. ಮುಂಗಾಲು ಒಟ್ಟಿಗೆ ಇಟ್ಟ ರೀತಿ, ತಗ್ಗಿದ ತಲೆ, ಹಿಂದೆ ಎದ್ದ ಸೊಂಟ. ದಾರದ ಉಂಡೆಗೆ ಹೊಂಚು ಹಾಕಿದ ಮರಿ. ಆ ಬಾಗಿಲುಗಳ ಹಿಂಬದಿಯಲ್ಲಿ ನೀರಿನ ಮೀನಿನ ಮೇಲೆ ಕಣ್ಣಿಟ್ಟ ಒಂದು ಬೆಕ್ಕಿನ ಚಿತ್ರವಿದೆ. ಮೀನಿಗೆ ಬೆಕ್ಕು ಹೇಗೆ ಕಾಣುತ್ತದೋ ಅದೇ ಮುಂದಿನ ಹುಲಿ ಎಂದು ಹೇಳುವವರಿದ್ದಾರೆ. ಬರೆದವನ ಮನಸ್ಸಿನಲ್ಲಿ ಅದೇ ಇತ್ತೋ ಏನೋ, ನನಗಂತೂ ಈ ಮಾತು ಕೇಳಿದಾಗ ಮೈ ಜುಮ್ಮೆಂದಿತು.

ಮುಖವನ್ನೂ ಸರಿಯಾಗಿ ಬರೆದವರು ಇರಲಿಲ್ಲವೇ? ಇದ್ದರು. ಕೊರಿಯಾದಲ್ಲಿ 18ನೇ ಶತಮಾನದ ಬ್ಯೊನ್ ಸಾಂಗ್‌ಬ್ಯೊಕ್ ಬೆಕ್ಕು ಬರೆದೂ ಬರೆದೂ ಜನ ಅವನನ್ನು ಬೆಕ್ಕಿನ ಬ್ಯೊನ್ ಎಂದೇ ಕರೆದರು. ಒಂದೊಂದು ಕೂದಲೂ ಎಣಿಸಬಹುದು. ಲಿಯೊನಾರ್ಡೊ ಡ ವಿಂಚಿ 1517ರ ಸುಮಾರಿಗೆ, ಮುದಿ ವಯಸ್ಸಿನಲ್ಲಿ, ಒಂದೇ ಹಾಳೆಯ ತುಂಬ ಬೆಕ್ಕು ಬರೆದ. ಮಲಗಿದ್ದು, ಜಗಳವಾಡಿದ್ದು, ನೆಕ್ಕಿಕೊಂಡದ್ದು, ಹೊಂಚು ಹಾಕಿದ್ದು. ಮಧ್ಯಯುಗದ ಅಂಚಿನ ಬೆಕ್ಕುಗಳು ಮಾಡಿದ್ದನ್ನೇ ಇವೂ ಮಾಡುತ್ತಿವೆ. ಈಗ ಮೂಳೆಯೂ ಮಾಂಸವೂ ಸೇರಿಕೊಂಡಿದೆ. ಆ ಹಾಳೆಯಲ್ಲಿ ಬೆಕ್ಕುಗಳ ನಡುವೆ ಒಂದು ಪುಟ್ಟ ಡ್ರ್ಯಾಗನ್ ಕೂಡ ಇದೆ. ಬೆನ್ನು ಬಳುಕುವುದನ್ನೇ ನೋಡುತ್ತಾ ಕೂತ ಕೈ ಎಲ್ಲಿಂದ ಎಲ್ಲಿಗೋ ಹೋಗಿದೆ.

ಡಚ್ಚರ ಜಾನ್ ಸ್ಟೀನ್ ಬರೆದ ಬೆಕ್ಕು ಮಾತ್ರ ನೋಡಿದಾಗಲೆಲ್ಲ ಅಯ್ಯೋ ಅನ್ನಿಸುತ್ತದೆ. ಮಕ್ಕಳು ಅದನ್ನು ಮೇಜಿನ ಮೇಲೆ ಎರಡು ಕಾಲಲ್ಲಿ ನಿಲ್ಲಿಸಿ ಕುಣಿಸುತ್ತಿದ್ದಾರೆ. ಎಲ್ಲರಿಗೂ ನಗು, ಬೆಕ್ಕಿಗೆ ಮಾತ್ರ ಬಾಯಿ ತೆರೆದ ಗೋಳು. ಫ್ರಾನ್ಸಿನ ಶಾರ್ಡಾನ್ 1720ರ ದಶಕದಲ್ಲಿ ಬರೆದ ತೊರಕೆ ಮೀನಿನ ಚಿತ್ರದಲ್ಲಿ ಒಂದು ಮರಿ ಚಿಪ್ಪುಗಳ ಮೇಲೆ ಕಾಲಿಟ್ಟು ಕೂದಲು ನಿಮಿರಿಸಿಕೊಂಡು ನಿಂತಿದೆ. ಕಾಲಡಿಯ ಒದ್ದೆ ಇಷ್ಟವಾಗಿಲ್ಲ, ಮೀನು ಬಿಡಲೂ ಮನಸ್ಸಿಲ್ಲ.

ಇನ್ನೆರಡು ಚಿತ್ರ ತೋರಿಸಿ ಮುಗಿಸುತ್ತೇನೆ. ಎರಡರಲ್ಲೂ ಮಕ್ಕಳಿದ್ದಾರೆ, ಹಕ್ಕಿ ಇದೆ.

ಇದು ಇಂಗ್ಲೆಂಡಿನ ಹೊಗಾರ್ತ್ 1742ರಲ್ಲಿ ಬರೆದ ಗ್ರಹಾಂ ಮನೆತನದ ನಾಲ್ವರು ಮಕ್ಕಳು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಲಗಡೆ ಕೂತ ಹುಡುಗ ಒಂದು ಪುಟ್ಟ ವಾದ್ಯದ ಹಿಡಿ ತಿರುಗಿಸುತ್ತಿದ್ದಾನೆ. ಮೇಲೆ ಪಂಜರದಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತಿದೆ. ತನ್ನ ಹಾಡಿಗೆ ಹಕ್ಕಿ ದನಿಗೂಡಿಸುತ್ತಿದೆ ಎಂದು ಅವನಿಗೆ ಸಂತೋಷ. ಅವನ ಹಿಂದೆ, ಕುರ್ಚಿಯ ಬೆನ್ನಿಗೆ ಉಗುರು ಊರಿ, ಬೆಕ್ಕೊಂದು ಹತ್ತಿ ನಿಂತಿದೆ. ಕಣ್ಣು ಎಷ್ಟು ದುಂಡಗೆ ಅಗಲವಾಗಿವೆ ಅಂದರೆ ಅದನ್ನು ಮಾತ್ರ ಕತ್ತರಿಸಿ ತೋರಿಸಿದರೆ ಎಲ್ಲರೂ ನಗುತ್ತಾರೆ. ಪೂರ್ತಿ ಚಿತ್ರ ನೋಡಿದವರು ನಗುವುದಿಲ್ಲ. ಎಡಗಡೆ ಬಂಡಿಯಲ್ಲಿ ಕೂತ ಪುಟ್ಟ ಮಗು ಥಾಮಸ್, ಚಿತ್ರ ಮುಗಿಯುವ ಹೊತ್ತಿಗೆ ತೀರಿಕೊಂಡಿತ್ತು.

ಇದು ಸ್ಪೇನಿನ ಗೋಯಾ ಬರೆದದ್ದು, 1787-88ರ ಹೊತ್ತಿಗೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕೆಂಪು ಉಡುಪಿನ ಹುಡುಗನ ಹೆಸರು ಮ್ಯಾನುಯೆಲ್ ಒಸೊರಿಯೊ. ಕೈಯಲ್ಲಿ ದಾರ, ದಾರದ ತುದಿಗೆ ಒಂದು ಮ್ಯಾಗ್‌ಪೈ ಹಕ್ಕಿ. ಹಕ್ಕಿಯ ಕೊಕ್ಕಿನಲ್ಲಿ ಗೋಯಾನ ಹೆಸರಿನ ಚೀಟಿ. ಹುಡುಗ ಎಂಟು ವರ್ಷಕ್ಕೆ ತೀರಿಕೊಂಡ. ಎಡಗಡೆ ಮೂಲೆಯಲ್ಲಿ ಬೆಕ್ಕುಗಳಿವೆ, ಕಣ್ಣು ಕೀಳದೆ ಆ ಹಕ್ಕಿಯನ್ನೇ ನೋಡುತ್ತಿವೆ.

ಎಷ್ಟು ಬೆಕ್ಕು ಕಾಣುತ್ತಿವೆ? ಎರಡು ಅಂದಿರಿ ತಾನೇ. ಇಲ್ಲ, ಮೂರಿವೆ. ಅಚ್ಚಾದ ಚಿತ್ರಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕಿಟಕಿಯ ಪರದೆ ಎಳೆದರೆ ಒಳ್ಳೆಯದು. ಹಾಂ, ಈಗ ಎರಡು ಬೆಕ್ಕಿನ ಹಿಂದಿನ ಕತ್ತಲಿನಲ್ಲಿ ಸ್ವಲ್ಪ ಹೊತ್ತು ನೋಡುತ್ತಾ ಇರಿ. ಮೈ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ. ಕಣ್ಣು ಸಿಕ್ಕವೇ?